ಫಿಲ್ಮ್ ಕವರ್ ಮೇಲೆ ನಾನು ಬರೆಯುವ ನಂಬರು

ಹನ್ನೊಂದು ವರ್ಷದಿಂದ ಸಿಟಿ ಸ್ಕ್ಯಾನ್ ಟೆಕ್ನಿಷಿಯನ್ ಕೆಲಸ ಮಾಡುತ್ತಿದ್ದೇನೆ. ನನ್ನ ಎದೆ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ. ಮೂರು ತಿಂಗಳಿಗೊಮ್ಮೆ ಅದು ಲ್ಯಾಬಿಗೆ ಹೋಗುತ್ತದೆ, ನನ್ನ ಮೈಗೆ ಎಷ್ಟು ವಿಕಿರಣ ತಾಗಿದೆ ಅಂತ ಲೆಕ್ಕ ಬರುತ್ತದೆ. ಟೇಬಲ್ ಮೇಲೆ ಮಲಗುವವರ ಲೆಕ್ಕ? ಅದನ್ನು ಕೇಳುವವರೇ ಇರಲಿಲ್ಲ.

ಕಿಡ್ನಿ ಕಲ್ಲಿನ ಒಬ್ಬ ಹುಡುಗ ಬಂದಿದ್ದ. ಇಪ್ಪತ್ತಾರು ವಯಸ್ಸು, ನೋವಿಗೆ ನೇರ ನಿಲ್ಲಲೂ ಆಗುತ್ತಿರಲಿಲ್ಲ. ಒಂದೇ ವರ್ಷದಲ್ಲಿ ಅದು ಮೂರನೇ ಸಿಟಿ, ಮೊದಲಿನ ಎರಡು ಬೇರೆ ಕಡೆ ಆಗಿದ್ದವು, ಫಿಲ್ಮ್ ಮನೆಯಲ್ಲೇ ಬಿಟ್ಟು ಬಂದಿದ್ದ. "ಅಣ್ಣಾ, ಇದೂ ಎಕ್ಸ್‌ರೇ ಥರಾನೇ ಅಲ್ವಾ?" ಅಂದ. ಹೂಂ ಅಂದುಬಿಟ್ಟೆ. ಸ್ಕ್ಯಾನ್ ಮುಗಿದ ಮೇಲೆ ಕನ್ಸೋಲ್‌ನಲ್ಲಿ ಡಿಎಲ್‌ಪಿ, ಅಂದರೆ ಆ ಸ್ಕ್ಯಾನ್‌ನಲ್ಲಿ ಮೆಷಿನ್ ಕೊಟ್ಟ ಒಟ್ಟು ವಿಕಿರಣದ ಲೆಕ್ಕ, 600 ಅಂತ ಇತ್ತು. ಹೊಟ್ಟೆಯ ಸ್ಕ್ಯಾನ್‌ಗೆ ಅದನ್ನು 0.015ರಿಂದ ಗುಣಿಸಿದರೆ ಮೈಗೆ ತಾಗಿದ ವಿಕಿರಣ ಅಂದಾಜು ಎಷ್ಟು ಮಿಲಿಸೀವರ್ಟ್ (ಅದರ ಅಳತೆ) ಅಂತ ಸಿಗುತ್ತದೆ: 9. ಎದೆಯ ಒಂದು ಎಕ್ಸ್‌ರೇ ಸುಮಾರು 0.02 ಅಷ್ಟೇ. ಅಂದರೆ 450 ಎಕ್ಸ್‌ರೇ! ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ಸುಮ್ನೆ ಇದ್ದರೂ ತಾಗುವುದು ವರ್ಷಕ್ಕೆ ಸರಾಸರಿ 2.4. ನಾನು ಹೂಂ ಅಂದದ್ದು ಶುದ್ಧ ತಪ್ಪು.

ಮರುದಿನವೇ ನಮ್ಮ ರೇಡಿಯಾಲಜಿಸ್ಟ್ ಮೇಡಂ ಹತ್ತಿರ ಹೋದೆ. ಕಲ್ಲು ಫಿಲ್ಮ್‌ನಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ, ಚಿತ್ರ ಸ್ವಲ್ಪ ಮರಳು ಮರಳಾಗಿದ್ದರೂ ತೊಂದರೆ ಇಲ್ಲ. ಹಾಗಾಗಿ ಕಲ್ಲಿಗೆಂದೇ ಕಡಿಮೆ ಡೋಸ್‌ನ ಸೆಟ್ಟಿಂಗ್ ಮಾಡಿಕೊಂಡೆವು, ಎಕ್ಸ್‌ರೇ ಹೊರಡಿಸುವ ಟ್ಯೂಬ್‌ನ ಕರೆಂಟ್ ಇಳಿಸಿದೆವು. ಮೊದಲ ಸಲ ಡಿಎಲ್‌ಪಿ 180 ಬಂತು. ಮೇಡಂ ಪಕ್ಕದಲ್ಲೇ ನಿಂತು ನೋಡಿ, "ಕಲ್ಲು ಕಾಣಿಸ್ತಿದೆಯಲ್ಲ, ಸಾಕು ಬಿಡಿ" ಅಂದರು. ತುಂಬಾ ದಪ್ಪ ಇರುವವರಿಗೆ ಮಾತ್ರ ಇದು ಸರಿಹೋಗುವುದಿಲ್ಲ, ಅವರಿಗೆ ಡೋಸ್ ಏರಿಸಲೇಬೇಕು.

ಮಕ್ಕಳ ವಿಷಯದಲ್ಲಿ ನನಗೆ ಹೆಚ್ಚು ಭಯ. ಅವರ ಮೈ ಇನ್ನೂ ಬೆಳೆಯುತ್ತಿರುತ್ತದೆ, ಮುಂದೆ ಬದುಕುವ ವರ್ಷಗಳೂ ಜಾಸ್ತಿ. ದೊಡ್ಡವರ ಸೆಟ್ಟಿಂಗ್‌ನಲ್ಲಿ ಮಕ್ಕಳಿಗೆ ಸ್ಕ್ಯಾನ್ ಮಾಡಲೇಬಾರದು. ಮಗು ಅಲುಗಾಡಿದರೆ ಚಿತ್ರ ಕೆಟ್ಟು ಮತ್ತೊಮ್ಮೆ ಮಾಡಬೇಕಾಗುತ್ತದೆ. ಅದಕ್ಕೇ ಈಗ ಅವಸರ ಮಾಡುವುದಿಲ್ಲ, ಅಮ್ಮನಿಗೆ ಲೆಡ್ ಏಪ್ರನ್ ಹಾಕಿಸಿ ಪಕ್ಕದಲ್ಲೇ ನಿಲ್ಲಿಸುತ್ತೇನೆ, ಮಗು ಸುಮ್ಮನಾಗುವ ತನಕ ಕಾಯುತ್ತೇನೆ.

ಇದನ್ನೆಲ್ಲ ಕೇಳಿ ಸಿಟಿಯೇ ಬೇಡ ಅನ್ನುವವರಿದ್ದಾರೆ. ಬೈಕ್‌ನಿಂದ ಬಿದ್ದು ತಲೆಗೆ ಪೆಟ್ಟಾಗಿ, ವಾಂತಿ ಮಾಡಿಕೊಳ್ಳುತ್ತಾ ಬಂದವರಿಗೆ ತಲೆಯ ಸ್ಕ್ಯಾನ್‌ನ ಸುಮಾರು 2 ಮಿಲಿಸೀವರ್ಟ್ ಲೆಕ್ಕ ಹಾಕುತ್ತಾ ಕೂರಬಾರದು, ಒಳಗೆ ರಕ್ತ ಸೋರುತ್ತಿದೆಯೋ ಇಲ್ಲವೋ ತಕ್ಷಣ ಗೊತ್ತಾಗಲೇಬೇಕು. ಎಂಆರ್‌ಐಗೂ ಹೆದರುತ್ತಾರೆ. ಅದರಲ್ಲಿ, ಅಲ್ಟ್ರಾಸೌಂಡ್‌ನಲ್ಲಿ ಈ ವಿಕಿರಣ ಇಲ್ಲವೇ ಇಲ್ಲ.

ಈಗ ಪ್ರತಿ ಕವರ್ ಮೇಲೂ ತಾರೀಕು, ಯಾವ ಭಾಗ, ಡಿಎಲ್‌ಪಿ ಎಷ್ಟು ಅಂತ ಪೆನ್ನಿನಲ್ಲಿ ಬರೆದು ಕೊಡುತ್ತೇನೆ. ಹೋದ ತಿಂಗಳು ಒಬ್ಬ ಅಜ್ಜಿ ಅಂಥ ಕವರನ್ನು ಸೀರೆ ಅಂಗಡಿಯ ಚೀಲದಲ್ಲಿ ಜೋಪಾನವಾಗಿ ತಂದಿದ್ದರು. ಎರಡೇ ವಾರದ ಹಿಂದಿನ ಸ್ಕ್ಯಾನ್. ಡಾಕ್ಟರು ಆ ಫಿಲ್ಮನ್ನೇ ನೋಡಿದರು, ಹೊಸದಾಗಿ ಬರೆದಿದ್ದ ಸಿಟಿ ಚೀಟಿಯನ್ನು ಹರಿದು ಹಾಕಿದರು.