ಅರ್ಜಿಗಿಂತ ಮೊದಲು ಕಾಗದ: ಮಕ್ಕಳ ಪ್ರಾಯೋಜಕತ್ವ ಯೋಜನೆಯಲ್ಲಿ ನನ್ನ ಅನುಭವ

ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಕಾರ್ಯಕ್ರಮವಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಿಂದೆ ಸಮಗ್ರ ಮಕ್ಕಳ ರಕ್ಷಣಾ ಯೋಜನೆ ಎಂಬ ಹೆಸರಿದ್ದಾಗ ಅದು 2,000 ಇತ್ತು. ಮಗುವನ್ನು ಬಾಲಮಂದಿರಕ್ಕೆ ಕಳಿಸದೆ, ತಾಯಿಯ ಹತ್ತಿರವೋ ಅಜ್ಜಿಯ ಹತ್ತಿರವೋ ಉಳಿಸಿಕೊಂಡು, ಶಾಲೆ ತಪ್ಪದ ಹಾಗೆ ನೋಡಿಕೊಳ್ಳುವುದು ಇದರ ಉದ್ದೇಶ. 2015ರ ಬಾಲನ್ಯಾಯ ಕಾಯ್ದೆಯ 45ನೇ ಕಲಂ ಇದಕ್ಕೆ ಆಧಾರ. ಗ್ರಾಮ ಪಂಚಾಯಿತಿಗಳ ಜೊತೆ ಸೇರಿ ಈ ಹಣವನ್ನು ಮಕ್ಕಳಿಗೆ ಮುಟ್ಟಿಸುವ ಕೆಲಸದಲ್ಲಿ ನನಗೆ ಖಚಿತವಾದ ಮಾತು ಒಂದೇ: ಯಾವ ಮಗುವಿಗೆ ಕಷ್ಟ ಹೆಚ್ಚೋ ಆ ಮಗುವಿನ ಕಾಗದಗಳೇ ಹೆಚ್ಚು ಕೆಟ್ಟಿರುತ್ತವೆ. ಕಾಗದ ಸರಿಯಿದ್ದವರ ಅರ್ಜಿ ತೆಗೆದುಕೊಳ್ಳುತ್ತಾ ಹೋದರೆ ಪಟ್ಟಿ ಬೇಗ ತುಂಬುತ್ತದೆ, ಆದರೆ ಸಿಗಬೇಕಾದ ಮಕ್ಕಳು ಅದರಲ್ಲಿ ಇರುವುದಿಲ್ಲ. ಅದಕ್ಕೇ ಅರ್ಜಿಯನ್ನು ಕೊನೆಗೆ ಇಟ್ಟು, ಮಗುವನ್ನು ಹುಡುಕಿ ಕಾಗದ ಕಟ್ಟುವುದನ್ನು ಮೊದಲು ಮಾಡುತ್ತೇವೆ.

ಹುಡುಕುವ ಕೆಲಸಕ್ಕೆ ಒಳ್ಳೆಯ ಕಾಲ ನವೆಂಬರ್‌ನಿಂದ ಜನವರಿ. ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಆಗ ನಡೆಯುತ್ತದೆ. ಆದರೆ ಸಭೆಯಲ್ಲಿ ನಿಂತು 'ಅಪ್ಪ ಇಲ್ಲದವರು ಕೈಯೆತ್ತಿ' ಎಂದು ಕೇಳಲೇಬಾರದು. ಮಕ್ಕಳಿಗೆ ಅದು ಅವಮಾನ, ಮಾಹಿತಿಯೂ ಅರ್ಧಂಬರ್ಧ. ಸಭೆಗೆ ಎರಡು ವಾರ ಮೊದಲೇ ಮೂರು ಕಡೆಯಿಂದ ಹೆಸರು ತರಿಸಿಕೊಳ್ಳುತ್ತೇವೆ. ಮುಖ್ಯ ಶಿಕ್ಷಕರಿಂದ ಪದೇಪದೇ ಗೈರಾಗುವ ಮಕ್ಕಳ ಹೆಸರು, ಅಂಗನವಾಡಿ ಕಾರ್ಯಕರ್ತೆಯಿಂದ ಅಜ್ಜಿ ಮನೆಯಲ್ಲಿ ಬಿಟ್ಟುಹೋದ ಮಕ್ಕಳ ಹೆಸರು, ಆಶಾ ಕಾರ್ಯಕರ್ತೆಯಿಂದ ದೀರ್ಘ ಕಾಯಿಲೆಯ ಮನೆಗಳ ವಿವರ. ಎರಡು ಕಡೆಯಿಂದ ಬಂದ ಹೆಸರಿನ ಮನೆಗೆ ಮೊದಲು ಹೋಗುವುದು. ಒಂದೇ ಕಡೆಯಿಂದ ಬಂದ ಹೆಸರನ್ನೂ ಬಿಡುವಂತಿಲ್ಲ. ಊರ ಹೊರಗಿನ ಗುಡಿಸಲ ಮಕ್ಕಳು ಬಹುಪಾಲು ಒಂದೇ ಪಟ್ಟಿಯಲ್ಲಿ ಇರುತ್ತಾರೆ.

ಎಚ್‌ಐವಿ ಇರುವ ಮನೆಗಳ ವಿಷಯದಲ್ಲಿ ನಿಯಮ ಬೇರೆ. ಆ ಮಕ್ಕಳೂ ಯೋಜನೆಗೆ ಅರ್ಹರು. ಆದರೆ ಕಾರಣವನ್ನು ಪಂಚಾಯಿತಿ ಪಟ್ಟಿಯಲ್ಲಿ ಬರೆಯಬಾರದು. ಎಆರ್‌ಟಿ ಚಿಕಿತ್ಸಾ ಕೇಂದ್ರದ ದಾಖಲೆಯ ಪ್ರತಿಯನ್ನು ಮುಚ್ಚಿದ ಲಕೋಟೆಯಲ್ಲಿ ಹಾಕಿ, ತಾಯಿಯ ಒಪ್ಪಿಗೆ ಪಡೆದು, ನೇರವಾಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೇ ಕೊಡಬೇಕು. ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ತಿಳಿಸುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸುತ್ತದೆ. ಮಂಜೂರಾದ ಮೇಲೆ ಮಗುವಿನ ಕೈಗೆ ಪತ್ರ ಕೊಟ್ಟು ಫೋಟೋ ತೆಗೆಸಿ ಪತ್ರಿಕೆಗೆ ಕಳಿಸುವುದೂ ತಪ್ಪು. ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡಬಾರದು ಎಂದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಪ್ರಚಾರದ ಆಸೆಗೆ ಬಿದ್ದು ಇದನ್ನು ಮರೆಯುವುದು ನೋವಿನ ಸಂಗತಿ.

ಫೆಬ್ರವರಿ, ಮಾರ್ಚ್ ಕಾಗದದ ತಿಂಗಳು. ಜೂನ್ ಬಂತೆಂದರೆ ನಾಡಕಚೇರಿಯಲ್ಲಿ ಶಾಲಾ ದಾಖಲಾತಿಯ, ವಿದ್ಯಾರ್ಥಿವೇತನದ ನೂಕುನುಗ್ಗಲು. ಆಗ ಆದಾಯ ಪ್ರಮಾಣಪತ್ರಕ್ಕೆ ಹೋದರೆ ಕೂಲಿ ಬಿಟ್ಟು ಮೂರು ಸಲ ಓಡಾಡಬೇಕು. ಬೇಕಾಗುವುದು ಇಷ್ಟು: ಮಗುವಿನ ಮತ್ತು ಪೋಷಕರ ಆಧಾರ್, ಜನನ ಪ್ರಮಾಣಪತ್ರ, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಮಗುವಿನ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಫೋಟೋ, ತಂದೆ ಅಥವಾ ತಾಯಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ. ಕೇಳಲು ಸುಲಭ. ಪ್ರತಿಯೊಂದರಲ್ಲೂ ಒಂದೊಂದು ಗಂಟು ಇದೆ.

ಮರಣ ಪ್ರಮಾಣಪತ್ರದ ಗಂಟು ದೊಡ್ಡದು. ಸಾವನ್ನು ನೋಂದಾಯಿಸುವುದು ಸತ್ತ ಜಾಗದಲ್ಲಿ, ಹುಟ್ಟಿದ ಊರಿನಲ್ಲಲ್ಲ. ದುಡಿಯಲು ಗೋವೆಗೋ ಪುಣೆಗೋ ಹೋಗಿ ಅಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡವರ ಪತ್ರ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆಸ್ಪತ್ರೆಯ ಬಿಡುಗಡೆ ಚೀಟಿ, ಆಂಬುಲೆನ್ಸ್ ರಸೀದಿ, ಅಪಘಾತವಾಗಿದ್ದರೆ ಎಫ್‌ಐಆರ್ ಪ್ರತಿ, ಇವುಗಳಲ್ಲಿ ಯಾವುದಾದರೂ ಒಂದರಿಂದ ಊರು, ತಾರೀಖು ಹಿಡಿದು ಅಲ್ಲಿನ ನೋಂದಣಿ ಕಚೇರಿಗೆ ಬರೆಯಬೇಕು. ಮನೆಯಲ್ಲೇ ಸತ್ತು ನೋಂದಣಿಯೇ ಆಗದಿದ್ದರೆ ದಾರಿ ಬೇರೆ. 21 ದಿನದೊಳಗೆ ಆಗಬೇಕಾದದ್ದು ಒಂದು ವರ್ಷವೂ ದಾಟಿದ್ದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. 2023ರ ತಿದ್ದುಪಡಿಯ ನಂತರ ಈ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ನೇಮಿಸಿದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಬಂದಿದೆ. ಕೋರ್ಟಿಗೇ ಹೋಗಬೇಕು ಎಂದು ವಕೀಲರ ಫೀಸು ಹೊಂದಿಸಲು ಸಾಲ ಮಾಡುವವರಿಗೆ ಇದನ್ನು ಮೊದಲು ಹೇಳಬೇಕು.

ಗಂಡ ಸತ್ತಿಲ್ಲ, ಬಿಟ್ಟುಹೋಗಿದ್ದಾನೆ ಎನ್ನುವ ಮನೆಗಳೂ ಬಹಳ. ಇಲ್ಲಿ ಆಗುವ ತಪ್ಪು ಒಂದೇ ಬಗೆಯದು. ವಿಧವಾ ವೇತನದ ಅಭ್ಯಾಸದಲ್ಲಿ ಎಲ್ಲರೂ ಮರಣ ಪ್ರಮಾಣಪತ್ರ ಕೇಳುತ್ತಾರೆ, ಅದಿಲ್ಲ ಎಂದು ತಾಯಿ ಹಿಂತಿರುಗುತ್ತಾಳೆ. ನಾಪತ್ತೆಯಾದವನು ಸತ್ತನೆಂದು ಕಾನೂನು ಭಾವಿಸಲು ಏಳು ವರ್ಷ ಬೇಕು, ಅಷ್ಟರಲ್ಲಿ ಮೂರನೇ ತರಗತಿಯ ಮಗು ಹತ್ತಕ್ಕೆ ಬರುತ್ತದೆ. ಆದರೆ ಪ್ರಾಯೋಜಕತ್ವದ ಮಾರ್ಗಸೂಚಿಯಲ್ಲಿ ವಿಧವೆಯ ಪಕ್ಕದಲ್ಲೇ ವಿಚ್ಛೇದಿತೆ, ಕುಟುಂಬದಿಂದ ಪರಿತ್ಯಕ್ತಳಾದ ತಾಯಿ ಎಂಬ ಮಾತೂ ಇದೆ. ಆ ಕಾರಣವನ್ನೇ ಗುರುತು ಮಾಡಿ. ಪುರಾವೆಗೆ ಅಕ್ಕಪಕ್ಕದ ಐದು ಜನರ ಹೇಳಿಕೆಯೊಂದಿಗೆ ಸ್ಥಳ ಮಹಜರು, ಗ್ರಾಮ ಆಡಳಿತಾಧಿಕಾರಿಯ ವರದಿ, ಠಾಣೆಯಲ್ಲಿ ದೂರು ಕೊಟ್ಟಿದ್ದರೆ ಅದರ ಸ್ವೀಕೃತಿ ಸೇರಿಸುತ್ತೇವೆ. ಪಡಿತರ ಚೀಟಿಯಲ್ಲಿ ಗಂಡನ ಹೆಸರು ಇನ್ನೂ ಇದ್ದರೆ ಮಹಜರಿನಲ್ಲೇ ಅದಕ್ಕೆ ಕಾರಣ ಬರೆಸಬೇಕು. ಇಲ್ಲದಿದ್ದರೆ ಅರ್ಜಿ ನೋಡುವವರಿಗೆ ಮೊದಲ ಸಂಶಯ ಅಲ್ಲೇ ಹುಟ್ಟುತ್ತದೆ.

ಆದಾಯದ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000. ನಾಡಕಚೇರಿಯ ಪತ್ರಕ್ಕೆ ಐದು ವರ್ಷ ಬೆಲೆ ಇರುತ್ತದೆ, ಆದ್ದರಿಂದ 'ಹಳೇದೈತ್ರಿ, ಸಾಕಲ್ರೀ' ಎಂದು ತಾಯಂದಿರು ತೋರಿಸುತ್ತಾರೆ. ಅದು ಗಂಡ ಬದುಕಿದ್ದಾಗಿನದಾದರೆ ಅವನ ಹೆಸರೂ ಅವನ ದುಡಿಮೆಯೂ ಅದರಲ್ಲಿರುತ್ತದೆ. ಹೊಸದನ್ನು ತಾಯಿಯ ಹೆಸರಿನಲ್ಲೇ ಮಾಡಿಸಬೇಕು. ಗೃಹಲಕ್ಷ್ಮಿಯ 2,000ವನ್ನು ಮುಚ್ಚಿಡುವುದು ಬೇಡ, ಮನೆ ವರದಿಯಲ್ಲಿ ಅದಕ್ಕೆ ಬೇರೆಯದೇ ಸಾಲು ಇರಲಿ.

ಈ ಮಿತಿಯ ಬಗ್ಗೆ ಒಂದು ಲೆಕ್ಕ ಹೇಳಲೇಬೇಕು. ಮಿಷನ್ ವಾತ್ಸಲ್ಯದ ಮಾರ್ಗಸೂಚಿ ಬಂದ 2022-23ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ದಿನಗೂಲಿ 309 ರೂಪಾಯಿ. ಆ ದರದಲ್ಲಿ 233 ದಿನ ದುಡಿದರೂ 72,000ದ ಒಳಗೇ. 2025-26ರಲ್ಲಿ ಕೂಲಿ 370. ಈ ದರದಲ್ಲಿ 195ನೇ ದಿನಕ್ಕೆ ಮಿತಿ ದಾಟುತ್ತದೆ. ಅಂದರೆ ಒಂಟಿ ತಾಯಿ ವಾರಕ್ಕೆ ನಾಲ್ಕು ದಿನ ಸರ್ಕಾರದ ದರದಲ್ಲೇ ದುಡಿದರೆ ಅವಳ ಮಗು ಅನರ್ಹ. ಮಿತಿಯನ್ನು ಕೂಲಿಯ ಜೊತೆಗೆ ಏರಿಸುವುದೇ ಇದಕ್ಕಿರುವ ನ್ಯಾಯವಾದ ದಾರಿ. ಅಲ್ಲಿಯವರೆಗೆ ನಾವು ಮಾಡುವುದು, ಅವಳಿಗೆ ವರ್ಷದಲ್ಲಿ ನಿಜವಾಗಿ ಕೆಲಸ ಸಿಕ್ಕ ದಿನಗಳನ್ನು ತಿಂಗಳವಾರು ಬರೆದುಕೊಡುವುದು. ಮಳೆಗಾಲದ ಖಾಲಿ ದಿನ, ಕಾಯಿಲೆಯ ದಿನ ಎಲ್ಲವೂ ಅದರಲ್ಲಿ ಬರಲಿ. ಒಂದು ದಿನದ ಕೂಲಿಯನ್ನು 365ರಿಂದ ಗುಣಿಸಿ ಆದಾಯ ಬರೆದುಬಿಡುವುದು ಅನ್ಯಾಯ.

ಮನೆ ಭೇಟಿಯ ಸಾಮಾಜಿಕ ತನಿಖಾ ವರದಿ ನಿಜವಾದ ಅರ್ಜಿ. 'ಕುಟುಂಬ ಕಡುಬಡತನದಲ್ಲಿದೆ, ಸಹಾಯ ಬೇಕಾಗಿದೆ' ಎಂಬ ವಾಕ್ಯಕ್ಕೆ ಯಾವ ತೂಕವೂ ಇಲ್ಲ, ಎಲ್ಲ ವರದಿಯಲ್ಲೂ ಅದೇ ಇರುತ್ತದೆ. ಹೀಗೆ ಬರೆಯಿರಿ: 'ಅಜ್ಜಿಗೆ 68, ಕಣ್ಣು ಮಂಜು. ಮಗು ಆರನೇ ತರಗತಿ. ಡಿಸೆಂಬರ್‌ನಲ್ಲಿ 9 ದಿನ, ಜನವರಿಯಲ್ಲಿ 12 ದಿನ ಗೈರು, ಹತ್ತಿ ಬಿಡಿಸಲು ಹೋಗಿತ್ತು. ಸ್ವಸಹಾಯ ಸಂಘದ ಸಾಲದ ಕಂತು ವಾರಕ್ಕೆ 450.' ಗೈರಿನ ಸಂಖ್ಯೆಯನ್ನು ಹಾಜರಿ ಪುಸ್ತಕದಿಂದಲೇ ತೆಗೆಯಬೇಕು, ಶಿಕ್ಷಕರ ಬಾಯಿಮಾತಿನಿಂದಲ್ಲ. ಜಿಲ್ಲೆಗೆ ಬರುವ ಅನುದಾನ ಎಲ್ಲರಿಗೂ ಸಾಲುವುದಿಲ್ಲ. ಯಾರಿಗೆ ಮೊದಲು ಎಂದು ಅನುಮೋದನಾ ಸಮಿತಿ ಕೇಳಿದಾಗ ಉತ್ತರ ಕೊಡುವುದು ಈ ಅಂಕಿಗಳೇ. ಅಜ್ಜಿ ಅಥವಾ ಚಿಕ್ಕಪ್ಪನ ಹತ್ತಿರ ಇರುವ ಅನಾಥ ಮಗುವಾದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಹಾಜರುಪಡಿಸಿ ಆದೇಶ ಪಡೆದಿಟ್ಟರೆ, ಬ್ಯಾಂಕಿನಲ್ಲಿ ಪೋಷಕರು ಯಾರೆಂಬ ತಕರಾರೂ ಬರುವುದಿಲ್ಲ.

ಹೆಸರಿನ ಸಮಸ್ಯೆ ಸಣ್ಣದೆನಿಸುತ್ತದೆ. ಶಾಲೆಯ ವಿದ್ಯಾರ್ಥಿ ದಾಖಲೆ ತಂತ್ರಾಂಶವಾದ ಎಸ್‌ಎಟಿಎಸ್‌ನಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಪಾಸ್‌ಬುಕ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಯಾವುದನ್ನು ತಿದ್ದಿಸಬೇಕು? ಜನನ ಪ್ರಮಾಣಪತ್ರದಲ್ಲಿ ಇರುವುದಕ್ಕೆ ಉಳಿದವನ್ನು ಹೊಂದಿಸಿ. ಒಂಬತ್ತನೇ ತರಗತಿಯೊಳಗೆ ಈ ಕೆಲಸ ಮುಗಿಯಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ತಿದ್ದುಪಡಿ ದೊಡ್ಡ ಅಲೆದಾಟ.

ಮಂಜೂರಾತಿ ಪತ್ರ ಬಂದರೂ ಹಣ ಬಾರದೆ ಇರುವುದಕ್ಕೆ ಬಹುಪಾಲು ಕಾರಣ ಬ್ಯಾಂಕ್ ಖಾತೆ. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿರುವುದು ಬೇರೆ, ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕೆಂದು ತೋರಿಸುವ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಆ ಆಧಾರ್‌ಗೆ ಈ ಖಾತೆಯೇ ಜೋಡಣೆಯಾಗಿರುವುದು ಬೇರೆ. ವಿದ್ಯಾರ್ಥಿವೇತನಕ್ಕೆ ಒಂದು ಬ್ಯಾಂಕಿನಲ್ಲಿ, ನಂತರ ಅಂಚೆ ಬ್ಯಾಂಕಿನಲ್ಲಿ ಎಂದು ಎರಡು ಖಾತೆ ಇದ್ದರೆ, ಹಣ ಕೊನೆಗೆ ಜೋಡಿಸಿದ ಖಾತೆಗೆ ಹೋಗುತ್ತದೆ. ತಾಯಿ ಹಳೆಯ ಪಾಸ್‌ಬುಕ್ಕಿನಲ್ಲಿ ನೋಡಿ 'ಬಂದಿಲ್ರೀ' ಎನ್ನುತ್ತಾಳೆ. ಆಧಾರ್ ಜಾಲತಾಣದಲ್ಲಿ ಜೋಡಣೆ ನೋಡಲು ಒಟಿಪಿ ಬೇಕು. ಮಗುವಿನ ಆಧಾರ್‌ಗೆ ಕೊಟ್ಟಿದ್ದು ತೀರಿಕೊಂಡ ಅಪ್ಪನ ನಂಬರಾಗಿದ್ದು, ಆ ಸಿಮ್ ಎಂದೋ ನಿಂತುಹೋಗಿರುತ್ತದೆ. ಆದ್ದರಿಂದ ಮನೆ ಭೇಟಿಯ ಮೊದಲ ದಿನವೇ ಕೇಳಬೇಕಾದ ಪ್ರಶ್ನೆ: 'ಯಕ್ಕಾ, ಆಧಾರ್‌ಗೆ ಕೊಟ್ಟಿರೋ ನಂಬರು ಯಾರ ಹತ್ರ ಐತ್ರಿ?' 5 ಮತ್ತು 15 ವರ್ಷಕ್ಕೆ ಆಗಬೇಕಾದ ಬೆರಳಚ್ಚಿನ ನವೀಕರಣ ಬಾಕಿಯಿದ್ದರೆ ನಂಬರು ಬದಲಾಯಿಸುವ ಅದೇ ಓಡಾಟದಲ್ಲಿ ಎರಡೂ ಮುಗಿಯುತ್ತವೆ.

ಹಣ ತಿಂಗಳು ತಿಂಗಳು ಬರುತ್ತದೆ ಎಂದು ಭರವಸೆ ಕೊಡಬೇಡಿ. ಅನುದಾನ ಬಿಡುಗಡೆಯಾದಾಗ ಹಲವು ತಿಂಗಳದ್ದು ಒಟ್ಟಿಗೆ ಬೀಳುವುದುಂಟು. ಅದನ್ನು ನಂಬಿ ಕಂತಿನ ಸಾಲ ಮಾಡಿದರೆ ತೊಂದರೆ. ಮಗು ಶಾಲೆ ಬಿಟ್ಟರೆ ನೆರವು ನಿಲ್ಲುತ್ತದೆ. ಇಲ್ಲಿ ಅಪಾಯದ ಸಮಯ ಏಳನೇ ತರಗತಿ ಮುಗಿದು ಎಂಟಕ್ಕೆ ಬೇರೆ ಊರಿನ ಪ್ರೌಢಶಾಲೆ ಸೇರುವಾಗ. ವರ್ಗಾವಣೆ ಪತ್ರ ತಡವಾಗಿ ಹೊಸ ಶಾಲೆಯ ಹೆಸರು ಘಟಕಕ್ಕೆ ಮುಟ್ಟದಿದ್ದರೆ, ಓದುತ್ತಿರುವ ಮಗುವೇ ಶಾಲೆ ಬಿಟ್ಟವರ ಲೆಕ್ಕಕ್ಕೆ ಸೇರಬಹುದು. ಜೂನ್‌ನಲ್ಲಿ ಹೊಸ ವ್ಯಾಸಂಗ ಪತ್ರ ತೆಗೆದು ನಾವೇ ತಲುಪಿಸುತ್ತೇವೆ. ವಿಧವೆಯರ ಮಕ್ಕಳಿಗೆಲ್ಲ 4,000 ಎಂಬ ವಾಟ್ಸ್ಯಾಪ್ ಸಂದೇಶ ಹರಿದಾಡಿ ಜೆರಾಕ್ಸ್ ಅಂಗಡಿಯಲ್ಲಿ ಫಾರಂ ಮಾರಾಟವಾಗುವುದೂ ಅದೇ ಹೊತ್ತಿಗೆ. ಅರ್ಜಿಗೆ ದುಡ್ಡು ಕೊಡಬೇಕಿಲ್ಲ ಎಂದು ಪಂಚಾಯಿತಿ ಗೋಡೆಗೆ ಚೀಟಿ ಅಂಟಿಸಬೇಕು. ಅನುಮಾನವಿದ್ದವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಕೇಳಬಹುದು.

ತಿರಸ್ಕೃತವಾದ ಅರ್ಜಿಗಳಿಗೆ ಒಂದು ನೋಟ್‌ಬುಕ್ ಇಡಿ. ಮಗುವಿನ ಹೆಸರು ಬೇಡ, ಕ್ರಮಸಂಖ್ಯೆ ಸಾಕು. ತಿರಸ್ಕಾರದ ಕಾರಣ, ಇಲ್ಲದಿದ್ದ ಕಾಗದ, ಆ ಕಾಗದ ಸಿಗಲು ಹಿಡಿದ ದಿನಗಳು, ಮಗು ಈಗ ಶಾಲೆಯಲ್ಲಿದೆಯೇ, ಇಷ್ಟೇ ಕಾಲಂ. ಅರ್ಜಿಯನ್ನೇ ಹಾಕಲಾಗದೆ ಉಳಿದವರಿಗೆ ಬೇರೆ ಪುಟ, ಅದು ಇನ್ನೂ ಮುಖ್ಯ. ಮೂರು ತಿಂಗಳಿಗೊಮ್ಮೆ ಒಂದೇ ಪುಟದಲ್ಲಿ ಮೊತ್ತ ಹಾಕಿ ಜಿಲ್ಲಾ ಘಟಕಕ್ಕೂ ತಾಲ್ಲೂಕು ಪಂಚಾಯಿತಿಗೂ ಕೊಡುತ್ತೇವೆ. 'ಯೋಜನೆ ತಲುಪುತ್ತಿಲ್ಲ' ಎಂಬ ದೂರಿಗೆ ಯಾರೂ ಏನೂ ಮಾಡಲಾರರು. 'ನಲವತ್ತರಲ್ಲಿ ಹದಿನೇಳು ಅರ್ಜಿ ನಿಂತಿರುವುದು ಮರಣ ನೋಂದಣಿಗೆ' ಎಂದು ತೋರಿಸಿದರೆ ಒಂದು ದಿನದ ನೋಂದಣಿ ಶಿಬಿರ ಕೇಳಬಹುದು. ಆದಾಯ ಮಿತಿಯ ವಿಷಯ ಮೇಲಕ್ಕೆ ಹೋಗಬೇಕಾದರೂ ಇಂಥ ಪುಟಗಳೇ ಬೇಕು.

ಇನ್ನೊಂದು, ಹದಿನೆಂಟು ತುಂಬಿದ ದಿನ ನೆರವು ಮುಗಿಯುತ್ತದೆ. ದ್ವಿತೀಯ ಪಿಯು ಪರೀಕ್ಷೆ ಅದಕ್ಕೆ ಕಾಯುವುದಿಲ್ಲ. ನವೆಂಬರ್‌ನಲ್ಲಿ ಹುಟ್ಟಿದ ಹುಡುಗಿಗೆ ಪರೀಕ್ಷೆಗೆ ನಾಲ್ಕು ತಿಂಗಳಿರುವಾಗ ಹಣ ನಿಲ್ಲಬಹುದು. ಹದಿನೇಳು ತುಂಬಿದ ತಿಂಗಳಲ್ಲೇ ಅವಳ ಹೆಸರನ್ನು ಬೇರೆ ಪಟ್ಟಿಗೆ ಹಾಕಿ, ಜಾತಿ-ಆದಾಯ ಪತ್ರದ ಮೇಲಿರುವ ಗುರುತಿನ ಸಂಖ್ಯೆಯಾದ ಆರ್‌ಡಿ ಸಂಖ್ಯೆ, ಆಧಾರ್ ಜೋಡಣೆಯಾದ ಅವಳದೇ ಖಾತೆ ಎರಡನ್ನೂ ಪರೀಕ್ಷಿಸಿ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವೇತನಕ್ಕೆ ಅರ್ಜಿ ಹಾಕಿಸಿ. ಕೇಳುವುದು ಬಹುಮಟ್ಟಿಗೆ ಅದೇ ಕಾಗದಗಳನ್ನು. ಮೊದಲೇ ಕಟ್ಟಿಟ್ಟಿದ್ದರೆ ಅರ್ಧ ಗಂಟೆಯ ಕೆಲಸ.