ಅಮೆರಿಕದಿಂದ ಮಗಳು ಬರುವ ದಿನ ಯಾವುದು? ವಿಮಾನದ ಲೆಕ್ಕ ಹೀಗೆ ಹಾಕಿ

‘ಶನಿವಾರ ರಾತ್ರಿ ಹೊರಟವಳು ಸೋಮವಾರ ಬೆಳಗಿನ ಜಾವ ಇಳೀತಾಳಂತೆ. ಎರಡು ದಿನ ವಿಮಾನದಲ್ಲೇ ಕೂತಿರ್ತಾಳಾ?’ ಎಂದು ನಮ್ಮ ಅತ್ತೆ ಗಾಬರಿಯಾಗಿದ್ದರು. ಇನ್ನೊಬ್ಬ ನೆಂಟರಂತೂ ಒಂದು ದಿನ ಮೊದಲೇ ದೇವನಹಳ್ಳಿಗೆ ಹೋಗಿ, ಸುಮ್ನೆ ಕಾದು ವಾಪಸ್ ಬಂದರು. ಲೆಕ್ಕ ಕಷ್ಟದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ದಾರಿಯನ್ನೇ ತೆಗೆದುಕೊಳ್ಳೋಣ.

ಮೊದಲು ದೂರ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಡಬೇಡಿ, ಅದು ಸುಳ್ಳು ಹೇಳುತ್ತದೆ. ಮಕ್ಕಳ ಗ್ಲೋಬ್ ತಂದು ಎರಡೂ ಊರಿನ ನಡುವೆ ದಾರ ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಉತ್ತರ ಧ್ರುವದ ಕಡೆಗೆ ಮೇಲೇರಿ ಹಾಯುತ್ತದೆ! ಅದೇ ದಾರವನ್ನು ಸಮಭಾಜಕ ವೃತ್ತದ ಮೇಲೆ ಇಡಿ. ಅಲ್ಲಿ ಇಡೀ ಸುತ್ತು 40,000 ಕಿ.ಮೀ. ನಿಮ್ಮ ದಾರ ಅದರ ಮೂರನೇ ಒಂದು ಪಾಲಿಗಿಂತ ತುಸು ಜಾಸ್ತಿ, ಅಂದರೆ ಸುಮಾರು 14,000 ಕಿ.ಮೀ. (ಲಿಂಬೆಹಣ್ಣಿನ ಗಾತ್ರದ ಕೀ ಚೈನ್ ಗ್ಲೋಬ್ ಈ ಕೆಲಸಕ್ಕೆ ಬಾರದು.)

ಆಮೇಲೆ ಹಾರುವ ಹೊತ್ತು. ಗಂಟೆಗೆ 900 ಕಿ.ಮೀ. ಎಂದು ಭಾಗಿಸಿದರೆ ಹದಿನೈದೂವರೆ ಗಂಟೆ. ಏರಲು, ಇಳಿಯಲು, ರನ್‌ವೇಗೆ ಹೋಗಲು ಒಂದೆರಡು ಗಂಟೆ ಸೇರಿಸಿ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುವುದರಿಂದ ಹೋಗುವ ಹೊತ್ತು, ಬರುವ ಹೊತ್ತು ಒಂದೇ ಇರುವುದಿಲ್ಲ.

ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಟಿಕೆಟ್‌ನಲ್ಲಿ ಹೊರಡುವ ಸಮಯ ಅಲ್ಲಿಯದು, ಇಳಿಯುವ ಸಮಯ ಇಲ್ಲಿಯದು. ಎರಡನ್ನೂ ನೇರವಾಗಿ ಕಳೆಯಬೇಡಿ. ಮೊದಲು ಹೊರಡುವ ಸಮಯವನ್ನು ನಮ್ಮ ಗಡಿಯಾರಕ್ಕೆ ತನ್ನಿ. 2021ರ ಜನವರಿಯಲ್ಲಿ ಈ ದಾರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ, ಮಹಿಳಾ ಪೈಲಟ್‌ಗಳೇ ಧ್ರುವದ ಮೇಲೆ ಹಾರಿಸಿಕೊಂಡು ಬಂದದ್ದು, ನೆನಪಿದೆ ಅಲ್ವಾ? ಅದರ ವೇಳಾಪಟ್ಟಿ ಹೀಗಿತ್ತು: ಶನಿವಾರ ರಾತ್ರಿ 8:30ಕ್ಕೆ ಹೊರಟು ಸೋಮವಾರ ಬೆಳಗಿನ ಜಾವ 3:45ಕ್ಕೆ ಇಳಿಯುವುದು. ಚಳಿಗಾಲದಲ್ಲಿ ನಾವು ಹದಿಮೂರೂವರೆ ಗಂಟೆ ಮುಂದೆ. ಅಲ್ಲಿ ಶನಿವಾರ ರಾತ್ರಿ 8:30 ಎಂದರೆ ಇಲ್ಲಿ ಆಗಲೇ ಭಾನುವಾರ ಬೆಳಿಗ್ಗೆ 10. ಅಲ್ಲಿಂದ ಎಣಿಸಿ: ಹದಿನೇಳೂ ಮುಕ್ಕಾಲು ಗಂಟೆ. ಅತ್ತೆಯ ಎರಡು ದಿನ ಅಷ್ಟಕ್ಕೆ ಇಳಿಯಿತು.

ಇಲ್ಲೊಂದು ಗುಂಡಿ ಇದೆ. ಮಾರ್ಚ್‌ನ ಎರಡನೇ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತಾರೆ. ಆ ನಡುವೆ ವ್ಯತ್ಯಾಸ ಹನ್ನೆರಡೂವರೆ ಗಂಟೆ ಮಾತ್ರ. ಆಗ ನನ್ನ ಅಡ್ಡದಾರಿ: ಬೆಳಿಗ್ಗೆಯನ್ನು ರಾತ್ರಿ ಮಾಡಿ, ಅರ್ಧ ಗಂಟೆ ಸೇರಿಸಿ. ರಾತ್ರಿಯಿದ್ದರೆ ಮರುದಿನದ ಬೆಳಿಗ್ಗೆ. ನಾನು ನಂಬಿದ್ದ ಒಂದು ಆ್ಯಪ್ ಈ ಒಂದು ಗಂಟೆಯನ್ನೇ ಮರೆತು, ನನ್ನನ್ನು ನಡುರಾತ್ರಿ ಎಬ್ಬಿಸಿತ್ತು. ಅವತ್ತಿನಿಂದ ಕಾಗದ, ಪೆನ್ನೇ ಸೈ.

ನಡುವೆ ದುಬೈಯಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಿಸುವುದಿದ್ದರೆ ಆ ಊರಿನ ಸಮಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಟ್ಟು ಹೊತ್ತಿಗೆ ಮೊದಲ ಮತ್ತು ಕೊನೆಯ ಸಮಯ ಸಾಕು.

ಟಿಕೆಟ್‌ನಲ್ಲಿ ಇಳಿಯುವ ಸಮಯದ ಪಕ್ಕ ಚಿಕ್ಕದಾಗಿ ‘+2’ ಎಂದಿದ್ದರೆ ಹೊರಟ ತಾರೀಖಿಗೆ ಎರಡು ಸೇರಿಸಿ. ಇನ್ನು 15ರ ರಾತ್ರಿ 12:20ರ ವಿಮಾನಕ್ಕೆ ನೀವು ಮನೆ ಬಿಡಬೇಕಾದದ್ದು 14ರ ಸಂಜೆ. ಕರೆತರಲು ಹೋಗುವವರಿಗೆ ಅವಸರ ಬೇಡ. ಇಮಿಗ್ರೇಷನ್, ಲಗೇಜು ಮುಗಿಸಿ ಹೊರಬರಲು ಗಂಟೆಯಾದರೂ ಬೇಕು. ಕಾಫಿ ಮನೆಯಲ್ಲೇ ಕುಡಿದು ಹೊರಡಿ.