ಪ್ರಾಕ್ಸಿ ತಾನಾಗಿಯೇ ಆನ್ ಆಗುತ್ತಿದ್ದಾಗ: ಲೈಬ್ರರಿ ಕಂಪ್ಯೂಟರಿನ ನನ್ನ ಅನುಭವ

ನಮ್ಮೂರ ಲೈಬ್ರರಿಯಲ್ಲಿ ಸಾರ್ವಜನಿಕರಿಗೆ ಇಟ್ಟಿರುವ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಿದ್ದ ಹುಡುಗಿಯೊಬ್ಬಳು ಕರೆದು ತೋರಿಸಿದಳು. ಸರ್ಕಾರದ ಪುಟದ ಮಧ್ಯೆ ಸಾಲದ ಜಾಹೀರಾತು! ‘ಇದು ಇಲ್ಲಿ ಯಾಕಿದೆ ಸರ್?’ ಎಂದಳು. ಒಳ್ಳೆಯ ಪ್ರಶ್ನೆ. ಯಾರೋ ನಡುವೆ ನಿಂತು ಪುಟಕ್ಕೆ ಕೈ ಹಾಕುತ್ತಿದ್ದರು.

ಇಂಥ ಹೊತ್ತಿನಲ್ಲಿ ಸುಮ್ನೆ ಎಲ್ಲವನ್ನೂ ರೀಸೆಟ್ ಮಾಡಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಕಾರಣ ಸಿಗದಿದ್ದರೆ ಅದೇ ಕಾಟ ವಾಪಸ್ ಬರುತ್ತದೆ. ಮೊದಲು ಪಕ್ಕದ ಕಂಪ್ಯೂಟರಿನಲ್ಲೂ, ಅದೇ ವೈಫೈ ಹಿಡಿದ ನನ್ನ ಫೋನಿನಲ್ಲೂ ಪುಟ ತೆರೆದೆ. ಎರಡರಲ್ಲೂ ಜಾಹೀರಾತಿಲ್ಲ. ತೊಂದರೆ ರೂಟರಿನಲ್ಲಿ ಅಲ್ಲ, ಈ ಒಂದು ಯಂತ್ರದಲ್ಲೇ.

‘ಐಪಿಕಾನ್ಫಿಗ್ /ಆಲ್’ ಕಮಾಂಡ್ ಕೊಟ್ಟು ಡಿಎನ್‌ಎಸ್ ಸಾಲು ನೋಡಿದೆ. ಸೈಟಿನ ಹೆಸರು ಕೊಟ್ಟರೆ ಅದರ ಅಂಕಿಯ ವಿಳಾಸ ಹುಡುಕಿಕೊಡುವುದು ಡಿಎನ್‌ಎಸ್. ಇದನ್ನು ನಾನು ಯಾವತ್ತೂ ಬಿಡುವುದಿಲ್ಲ. ಡಿಎನ್‌ಎಸ್‌ಚೇಂಜರ್ ಅನ್ನುವ ಮಾಲ್‌ವೇರ್ ಈ ಒಂದು ಸೆಟ್ಟಿಂಗ್ ಬದಲಿಸಿಯೇ ಸುಮಾರು 40 ಲಕ್ಷ ಕಂಪ್ಯೂಟರುಗಳನ್ನು ದಾರಿ ತಪ್ಪಿಸಿತ್ತು. 2011ರಲ್ಲಿ ಎಫ್‌ಬಿಐ ತನಿಖೆಯಿಂದ ಎಸ್ಟೋನಿಯಾದಲ್ಲಿ ಅದರ ಹಿಂದಿದ್ದವರು ಸಿಕ್ಕಿಬಿದ್ದರು. ನಮ್ಮಲ್ಲಿ ಡಿಎನ್‌ಎಸ್ ಸರಿಯಾಗಿತ್ತು, ಸೈಟುಗಳ ವಿಳಾಸವನ್ನು ಕಂಪ್ಯೂಟರಿನಲ್ಲೇ ಬರೆದಿಡಬಹುದಾದ ಹೋಸ್ಟ್ಸ್ ಫೈಲೂ ಸರಿಯಾಗಿತ್ತು.

ಪ್ರಾಕ್ಸಿ, ಅಂದರೆ ಬ್ರೌಸರಿಗೂ ಇಂಟರ್ನೆಟ್ಟಿಗೂ ನಡುವೆ ನಿಲ್ಲುವ ಮಧ್ಯವರ್ತಿ, ಮಾತ್ರ ಆನ್ ಆಗಿತ್ತು. ವಿಳಾಸ 127.0.0.1, ಪೋರ್ಟ್ 8080. ಆ ವಿಳಾಸ ಅಂದರೆ ಇದೇ ಕಂಪ್ಯೂಟರ್. ಕದ್ದು ಕೇಳುವವನು ಮನೆಯೊಳಗೇ ಕೂತಿದ್ದಾನೆ! ಆಫ್ ಮಾಡಿ ಮತ್ತೆ ಲಾಗಿನ್ ಆದೆ. ತಾನಾಗಿಯೇ ಆನ್ ಆಯಿತು. ಯಾವ ಪ್ರೋಗ್ರಾಂ ಯಾವ ಪೋರ್ಟ್ ಹಿಡಿದಿದೆ ಎಂದು ತೋರಿಸುವ ‘ನೆಟ್‌ಸ್ಟ್ಯಾಟ್ -ಎಎನ್‌ಒ’ ಕಮಾಂಡ್ ಕೊಟ್ಟಾಗ 8080ರ ಎದುರು ಒಂದು ಪ್ರೋಸೆಸ್ ನಂಬರ್ ಸಿಕ್ಕಿತು. ಟಾಸ್ಕ್ ಮ್ಯಾನೇಜರಿನಲ್ಲಿ ಅದೇ ನಂಬರ್ ಹುಡುಕಿ ಫೈಲ್ ಎಲ್ಲಿದೆ ಎಂದು ತೆರೆದೆ. ಆಪ್‌ಡೇಟಾ ಫೋಲ್ಡರಿನೊಳಗೆ ಯಾರೋ ಇಳಿಸಿಕೊಂಡಿದ್ದ ಉಚಿತ ಪಿಡಿಎಫ್ ಕನ್ವರ್ಟರ್. ಸ್ಟಾರ್ಟಪ್ ಪಟ್ಟಿಯಲ್ಲೂ ಅದರ ಹೆಸರಿತ್ತು. ನಿಲ್ಲಿಸಿದೆ, ಅಳಿಸಿದೆ, ಪ್ರಾಕ್ಸಿ ಆಫ್ ಮಾಡಿದೆ. ಈ ಸಲ ಆಫ್ ಆಗಿಯೇ ಉಳಿಯಿತು.

ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಜಾಹೀರಾತು ಬರುತ್ತಿದ್ದಾಗಲೂ ಬ್ರೌಸರ್ ‘ಸುರಕ್ಷಿತ’ ಅಂತಲೇ ತೋರಿಸುತ್ತಿತ್ತಲ್ವಾ? ಅದು ಹೇಗೆ? ಆಗಲೇ ಪುಟದ ಸರ್ಟಿಫಿಕೇಟ್, ಅಂದರೆ ಸೈಟ್ ಅಸಲಿ ಎಂದು ಹೇಳುವ ಡಿಜಿಟಲ್ ಗುರುತುಪತ್ರ, ತೆರೆದು ನೋಡಿದ್ದೆ. ಅದನ್ನು ಕೊಟ್ಟವರ ಹೆಸರು ನನ್ನ ಫೋನಿನಲ್ಲಿ ಕಂಡದ್ದೇ ಬೇರೆ, ಇಲ್ಲಿ ಕಂಡದ್ದೇ ಬೇರೆ. ವಿಂಡೋಸ್‌ನಲ್ಲಿ ಸರ್ಟಿಫಿಕೇಟುಗಳನ್ನು ತೋರಿಸುವ ‘ಸರ್ಟ್‌ಎಂಜಿಆರ್’ ತೆರೆದರೆ ನಂಬಿಕಸ್ಥ ರೂಟ್‌ಗಳ ಪಟ್ಟಿಯಲ್ಲಿ ಆ ಹೆಸರು ಆರಾಮಾಗಿ ಕೂತಿತ್ತು. ಈ ಪಟ್ಟಿಯಲ್ಲಿರುವವರು ಕೊಟ್ಟ ಸರ್ಟಿಫಿಕೇಟನ್ನು ಬ್ರೌಸರ್ ನಂಬಿಬಿಡುತ್ತದೆ. ಪ್ರಾಕ್ಸಿ ತೆಗೆದು ಇದನ್ನು ಬಿಟ್ಟರೆ ಬಾಗಿಲು ಅರ್ಧ ತೆರೆದೇ ಇರುತ್ತದೆ. ಅದನ್ನೂ ಅಳಿಸಿದೆ.

ಸಾರ್ವಜನಿಕರು ಬಳಸುವ ಆ ಖಾತೆಗೆ ಅಡ್ಮಿನ್ ಹಕ್ಕೇ ಇರಲಿಲ್ಲ. ಆದರೆ ವಿಂಡೋಸ್‌ನಲ್ಲಿ ಪ್ರಾಕ್ಸಿ ಆಯಾ ಬಳಕೆದಾರರ ಸೆಟ್ಟಿಂಗ್. ಬದಲಿಸಲು ಯಾರ ಅನುಮತಿಯೂ ಬೇಡ. ರೂಟ್ ಸರ್ಟಿಫಿಕೇಟ್ ಸೇರಿಸಲು ಒಂದು ಎಚ್ಚರಿಕೆಗೆ ‘ಯೆಸ್’ ಒತ್ತಿದರೆ ಸಾಕು. ಹಾಗಾಗಿ ಅಡ್ಮಿನ್ ನಿಯಮ ಹಾಕುವ ಗ್ರೂಪ್ ಪಾಲಿಸಿಯಲ್ಲಿ ಪ್ರಾಕ್ಸಿ ಬದಲಾವಣೆಗೆ ಬೀಗ ಹಾಕಿದೆ. ಡೌನ್‌ಲೋಡ್ ಆದ ಪ್ರೋಗ್ರಾಂಗಳು ಓಡದಂತೆಯೂ ಮಾಡಿದೆ.

ಅಳಿಸುವ ಮೊದಲು ಫೈಲಿನ ತಾರೀಖು ಬರೆದಿಟ್ಟುಕೊಂಡಿದ್ದೆ. ಆ ದಿನದಿಂದ ಆಚೆಗೆ ಆ ಕಂಪ್ಯೂಟರಿನಲ್ಲಿ ಕೂತವರ ಹೆಸರುಗಳನ್ನು ರಿಜಿಸ್ಟರಿನಲ್ಲಿ ಹುಡುಕಿ, ಒಬ್ಬೊಬ್ಬರಿಗೂ ಫೋನ್ ಮಾಡಿ, ಸ್ವಂತ ಮೊಬೈಲಿನಿಂದಲೇ ಪಾಸ್‌ವರ್ಡ್ ಬದಲಿಸಲು ಹೇಳಿದೆ.